ಮಗಳ ಎಂಎಸ್‌ಗಾಗಿ ಡೊಂಬಿವಲಿಯ ಫ್ಲ್ಯಾಟ್ ಅಡ ಇಡಬಹುದೇ?

ಪ್ರಶ್ನೆ: ನಾನು ಠಾಣೆಯ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ವಯಸ್ಸು 56, ನಿವೃತ್ತಿ 58ಕ್ಕೆ. ಕೈಗೆ ತಿಂಗಳಿಗೆ 60 ಸಾವಿರ ಬರುತ್ತದೆ. ನಮ್ಮ ಮೂಲ ಕಾರ್ಕಳದ ಕಡೆ. ತಂದೆಯವರು ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದವರು. ಮಗಳು ಇಲ್ಲೇ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸುತ್ತಿದ್ದಾಳೆ, ಸಿಜಿಪಿಎ 8.1. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂಎಸ್‌ಗೆ ಸೀಟು ಸಿಕ್ಕಿದೆ. ಒಂದು ವರ್ಷದ ಖರ್ಚು 36 ಸಾವಿರ ಡಾಲರ್ ಅಂತ ಅವರ ಪತ್ರದಲ್ಲಿದೆ. ಕನ್ಸಲ್ಟೆಂಟ್ ಹೇಳುವುದು ಹೀಗೆ: 45 ಲಕ್ಷ ಸಾಲ ಅಡಮಾನ ಇಲ್ಲದೆ ಮಾಡಿಸಿಕೊಡುತ್ತೇನೆ, ಉಳಿದದ್ದು ಪಾರ್ಟ್ ಟೈಮ್ ಕೆಲಸದಲ್ಲಿ ಹುಟ್ಟುತ್ತದೆ. ಬ್ಯಾಂಕಿನವರು ಫ್ಲ್ಯಾಟ್ ಅಡ ಇಟ್ಟರೆ ಬಡ್ಡಿ ಕಡಿಮೆ ಅನ್ನುತ್ತಾರೆ. ನಮಗಿರುವುದು ಡೊಂಬಿವಲಿಯ ಈ ಒಂದು ಫ್ಲ್ಯಾಟ್, 9 ಲಕ್ಷದ ಎಫ್‌ಡಿ, ಪಿಎಫ್, ಮತ್ತೆ ಊರಿನಲ್ಲಿ ಅಣ್ಣನ ಜೊತೆ ಜಂಟಿಯಾಗಿರುವ ಸ್ವಲ್ಪ ಅಡಿಕೆ ತೋಟ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ನೆಂಟರು ಹೇಳುತ್ತಾರೆ. ನಾವು ಒಬಿಸಿ, ಸ್ಕಾಲರ್‌ಶಿಪ್ ಸಿಗಬಹುದೇ? ನನ್ನ ಹೆಂಡತಿಯ ಅಣ್ಣ ನ್ಯೂಜೆರ್ಸಿಯಲ್ಲಿದ್ದಾರೆ, ಅವರ ಸಹಿ ಉಪಯೋಗಕ್ಕೆ ಬರುತ್ತದೆಯೇ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲ ಅಂಕಿಗಳೂ ಇವೆ. ಆದರೆ ಎರಡು ಅಂಕಿಗಳನ್ನು ನೀವು ಪಕ್ಕಪಕ್ಕ ಇಟ್ಟು ನೋಡಿಲ್ಲ ಅನ್ನಿಸುತ್ತದೆ. ನಿಮ್ಮ ನಿವೃತ್ತಿಗೆ ಇನ್ನು 2 ವರ್ಷ. ಸಾಲದ ಕಂತು ಶುರುವಾಗುವುದು ಓದು ಮುಗಿದು 6 ತಿಂಗಳಿಗೋ ಒಂದು ವರ್ಷಕ್ಕೋ, ಅಂದರೆ ಇವತ್ತಿನಿಂದ ಎರಡೂವರೆ ವರ್ಷ ಕಳೆದ ಮೇಲೆ. ಬ್ಯಾಂಕು ನಿಮ್ಮ ಇವತ್ತಿನ ಸಂಬಳದ ಚೀಟಿ ನೋಡಿ ಸಾಲ ಕೊಡುತ್ತದೆ. ಮೊದಲ ಕಂತು ಬರುವ ದಿನ ಆ ಸಂಬಳವೇ ಇರುವುದಿಲ್ಲ. ಬ್ಯಾಂಕಿನ ಸಾಲದ ವಿಭಾಗದಲ್ಲಿ ವರ್ಷಗಟ್ಟಲೆ ಕೂತು ನಾನು ಕಂಡದ್ದು ಇದನ್ನೇ. ಸಾಲ ಸಿಗುತ್ತದೋ ಇಲ್ಲವೋ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಕಂತು ಶುರುವಾಗುವ ತಿಂಗಳು ಮನೆಯಲ್ಲಿ ಯಾರ ಸಂಬಳ ಇರುತ್ತದೆ ಅಂತ ಕೇಳುವವರು ಕಡಿಮೆ.

ಹಾಗಾಗಿ ಮೊದಲು ಲೆಕ್ಕ. ಡಾಲರ್ 90 ರೂಪಾಯಿ ಅಂತ ಹಿಡಿಯೋಣ. ವರ್ಷಕ್ಕೆ 36 ಸಾವಿರ ಡಾಲರ್ ಅಂದರೆ ಎರಡು ವರ್ಷಕ್ಕೆ 72 ಸಾವಿರ, ಸುಮಾರು 65 ಲಕ್ಷ ರೂಪಾಯಿ. ಇದೂ ರೂಪಾಯಿ ಕುಸಿಯದಿದ್ದರೆ ಮಾತ್ರ. 2015ರಲ್ಲಿ 65ರ ಆಸುಪಾಸು ಇದ್ದ ಡಾಲರ್ 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಎರಡನೇ ವರ್ಷದ ಫೀ ಕಟ್ಟುವಾಗ ದರ ಎಷ್ಟಿರುತ್ತದೋ ಯಾರಿಗೂ ಗೊತ್ತಿಲ್ಲ, ಒಂದು ಹತ್ತು ಪರ್ಸೆಂಟ್ ಜಾಸ್ತಿಯೇ ಇಟ್ಟುಕೊಳ್ಳಿ.

ಈಗ ಕನ್ಸಲ್ಟೆಂಟ್ ಹೇಳಿದ 45 ಲಕ್ಷ. ಅಡಮಾನ ಇಲ್ಲದ ಸಾಲಕ್ಕೆ ಬಡ್ಡಿ 12.5 ಪರ್ಸೆಂಟ್ ಅಂದುಕೊಳ್ಳಿ. ಮೊದಲ ವರ್ಷ ಅರ್ಧ, ಎರಡನೇ ವರ್ಷ ಅರ್ಧ ತೆಗೆದರೂ, ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 11 ಲಕ್ಷ ದಾಟಿರುತ್ತದೆ. ‘ಓದುವಾಗ ಏನೂ ಕಟ್ಟಬೇಕಿಲ್ಲ’ ಅನ್ನುವ ಮಾತು ನಿಜ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ, ಆ ಭಾಗವನ್ನು ಮೆಲ್ಲಗೆ ಹೇಳುತ್ತಾರೆ. ಕೊನೆಗೆ 56 ಲಕ್ಷದ ಸಾಲ. 10 ವರ್ಷದ ಅವಧಿಗೆ ತಿಂಗಳಿಗೆ 82 ಸಾವಿರದ ಆಸುಪಾಸು ಇಎಂಐ. ಅದೇ ಸಾಲ ಫ್ಲ್ಯಾಟ್ ಅಡ ಇಟ್ಟು 10 ಪರ್ಸೆಂಟ್‌ಗೆ ಸಿಕ್ಕಿತು ಅಂದರೆ 71 ಸಾವಿರ. 15 ವರ್ಷಕ್ಕೆ ಎಳೆದರೆ 58 ಸಾವಿರ, ಅಂದರೆ ಹೆಚ್ಚುಕಡಿಮೆ ನಿಮ್ಮ ಇವತ್ತಿನ ಪೂರಾ ಸಂಬಳ.

ಅಮೆರಿಕದಲ್ಲಿ ಕೆಲಸ ಸಿಕ್ಕಿತು ಅಂದರೆ ಈ ಕಂತು ಏನೂ ಅಲ್ಲ, ಮೂರ್ನಾಲ್ಕು ವರ್ಷದಲ್ಲಿ ಸಾಲ ತೀರಿಸಿ ನಿಶ್ಚಿಂತೆಯಾದವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಕಾಂಪ್ಲೆಕ್ಸ್‌ನಲ್ಲೇ ಒಬ್ಬಿಬ್ಬರು ಸಿಕ್ಕಾರು. ಕೆಲಸ ಸಿಗದೆ ವಾಪಸ್ ಬಂದವರು ಮಾತ್ರ ತಾವಾಗಿ ಬಂದು ಕಥೆ ಹೇಳುವುದಿಲ್ಲ. ಅದಕ್ಕೇ ನಾನು ಯಾರಿಗಾದರೂ ಹೇಳುವುದು ಒಂದೇ ಪರೀಕ್ಷೆ: ಮಗಳು ವಾಪಸ್ ಬಂದು ಪವಾಯಿಯಲ್ಲೋ ಪುಣೆಯ ಹಿಂಜೆವಾಡಿಯಲ್ಲೋ ಕೆಲಸಕ್ಕೆ ಸೇರಿದರೆ, ಆ ರೂಪಾಯಿ ಸಂಬಳದ ಮೂರನೇ ಒಂದು ಭಾಗದಲ್ಲಿ ಕಂತು ತೀರುತ್ತದೆಯೇ? ಕೈಗೆ 80 ಸಾವಿರ ಬರುತ್ತದೆ ಅಂತ ಇಟ್ಟುಕೊಳ್ಳಿ. ಮೂರನೇ ಒಂದು ಭಾಗ 27 ಸಾವಿರ. 10 ಪರ್ಸೆಂಟ್‌ಗೆ 10 ವರ್ಷ ಅಂತ ಹಿಡಿದರೆ, ಅದಕ್ಕೆ ಹೊಂದುವ ಸಾಲ ಕಂತು ಶುರುವಾಗುವ ದಿನಕ್ಕೆ 20 ಲಕ್ಷ. ಅಂದರೆ ಇವತ್ತು ತೆಗೆಯಬಹುದಾದ್ದು 16–17 ಲಕ್ಷ. 45ಕ್ಕೂ 17ಕ್ಕೂ ಎಷ್ಟು ದೂರ ನೋಡಿ.

ಪಾರ್ಟ್ ಟೈಮ್ ವಿಷಯ. ಅಮೆರಿಕದ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ ಒಳಗೆ ಮಾತ್ರ. ಗಂಟೆಗೆ 12 ಡಾಲರ್ ಸಿಕ್ಕಿತು, ವರ್ಷಕ್ಕೆ 30 ವಾರ ಕೆಲಸ ಆಯಿತು ಅಂದರೆ 7,200 ಡಾಲರ್, ಆರೂವರೆ ಲಕ್ಷ ರೂಪಾಯಿ. ಎರಡು ವರ್ಷಕ್ಕೆ 13 ಲಕ್ಷ. ಹೋದ ಮೊದಲ ವಾರವೇ ಕೆಲಸ ಸಿಕ್ಕಿದರೆ ಈ ಮಾತು. ಕನ್ಸಲ್ಟೆಂಟ್ ಲೆಕ್ಕದಲ್ಲಿ ಕಡಿಮೆ ಬೀಳುವುದು 20 ಲಕ್ಷ. ಈ ಕಂದಕ ತುಂಬಲು ಮಕ್ಕಳು ಹೊರಗೆ ಪೆಟ್ರೋಲ್ ಬಂಕ್‌ನಲ್ಲೋ ರೆಸ್ಟೋರೆಂಟ್‌ನಲ್ಲೋ ಕೈಗೆ ಕಾಸು ತೆಗೆದುಕೊಂಡು ದುಡಿಯುತ್ತಾರೆ. ಅದು ವೀಸಾ ನಿಯಮದ ಉಲ್ಲಂಘನೆ. ಸಿಕ್ಕಿಬಿದ್ದರೆ ಓದೂ ಹೋಗುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಪಾರ್ಟ್ ಟೈಮ್ ದುಡ್ಡು ಅಂದರೆ ಅಕ್ಕಿ, ಬೇಳೆ, ಬಸ್ ಚಾರ್ಜು ಅಂತ ತಿಳಿಯಿರಿ. ಫೀ ಅಲ್ಲ.

ಓದು ಮುಗಿದ ಮೇಲೆ ಅಲ್ಲಿ 12 ತಿಂಗಳು ಕೆಲಸ ಮಾಡಲು ಅವಕಾಶ ಇದೆ, ಇದಕ್ಕೆ ಒಪಿಟಿ ಅನ್ನುತ್ತಾರೆ. ಕಂಪ್ಯೂಟರ್‌ನಂಥ ವಿಷಯಕ್ಕೆ ಇನ್ನೂ 24 ತಿಂಗಳು ಸೇರುತ್ತದೆ. ಆಮೇಲೆ ಎಚ್-1ಬಿ, ಅಂದರೆ ಅಲ್ಲಿನ ಕಂಪನಿಯಲ್ಲಿ ಕೆಲಸ ಮಾಡುವವರ ವೀಸಾ. ವರ್ಷಕ್ಕೆ 85 ಸಾವಿರ ವೀಸಾ, ಅದರಲ್ಲಿ 20 ಸಾವಿರ ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಬಂದು ಎಲ್ಲರೂ ಗಾಬರಿ ಬಿದ್ದರು. ಅಲ್ಲೇ ಓದಿ ಅಲ್ಲಿಂದಲೇ ವೀಸಾ ಬದಲಿಸುವವರಿಗೆ ಅದು ಇಲ್ಲ ಅಂತ ಮುಂದಿನ ತಿಂಗಳು ಸ್ಪಷ್ಟನೆಯೂ ಬಂತು. ನಿಮ್ಮ ಮಗಳು ಕೆಲಸ ಹುಡುಕುವ ಹೊತ್ತಿಗೆ ಯಾವ ನಿಯಮ ಇರುತ್ತದೋ ಹೇಳಲಾಗದು. ಅಂಥ ಒಂದು ನಿಯಮದ ಮೇಲೆ ಇರುವ ಒಂದೇ ಮನೆಯನ್ನು ಪಣಕ್ಕೆ ಇಡಬೇಕೇ ಅನ್ನುವುದೇ ನನ್ನ ತಕರಾರು.

ಫ್ಲ್ಯಾಟ್ ವಿಷಯಕ್ಕೆ ಬರೋಣ. ಅಡಮಾನ ಇಟ್ಟ ಕೂಡಲೇ ಮನೆ ಹೋಗುತ್ತದೆ ಅನ್ನುವ ಭಯ ಬೇಡ. ಆದರೆ ಕಂತು 90 ದಿನ ನಿಂತರೆ ಸಾಲ ಎನ್‌ಪಿಎ ಆಗುತ್ತದೆ, ಅಂದರೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆ ಸ್ವಾಧೀನಕ್ಕೆ ಹೆಜ್ಜೆ ಇಡಬಹುದು. ನಿವೃತ್ತಿಯಾದ ಮೇಲೆ ಆ ನೋಟಿಸ್ ಕೈಯಲ್ಲಿ ಹಿಡಿದು ಕೂರುವುದು ಹೇಗಿರುತ್ತದೆ ಅಂತ ನಾನು ವರ್ಣಿಸಬೇಕಿಲ್ಲ. ಇನ್ನೊಂದು, ಡೊಂಬಿವಲಿಯ ಫ್ಲ್ಯಾಟ್ ಅಂದಾಗ ಬ್ಯಾಂಕಿನ ವಕೀಲರು ಹುಬ್ಬು ಏರಿಸುತ್ತಾರೆ. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಓಸಿ (ವಾಸಕ್ಕೆ ಅನುಮತಿಯ ಪತ್ರ) ಇರುವುದಿಲ್ಲ, ಸೊಸೈಟಿಯ ಹೆಸರಿಗೆ ಜಾಗದ ಕನ್ವೇಯನ್ಸ್ (ಹಕ್ಕು ವರ್ಗಾವಣೆ) ಆಗಿರುವುದಿಲ್ಲ. ಷೇರ್ ಸರ್ಟಿಫಿಕೇಟ್, ರಿಜಿಸ್ಟರ್ ಆದ ಅಗ್ರಿಮೆಂಟ್, ಹಿಂದಿನ ಮಾಲೀಕರಿದ್ದರೆ ಅವರ ಅಗ್ರಿಮೆಂಟುಗಳ ಸರಣಿ, ಸೊಸೈಟಿಯ ಎನ್‌ಒಸಿ, ಇಷ್ಟೂ ಬೇಕು. ಎನ್‌ಒಸಿಗೆ ಸೆಕ್ರೆಟರಿಯ ಹಿಂದೆ ಎಷ್ಟು ವಾರ ತಿರುಗಬೇಕು ಅನ್ನುವುದು ಸೆಕ್ರೆಟರಿಯ ಮೂಡ್ ಮೇಲಿದೆ! ಮಹಾರಾಷ್ಟ್ರದಲ್ಲಿ ಅಡಮಾನಕ್ಕೂ ಸ್ಟ್ಯಾಂಪ್ ಡ್ಯೂಟಿ ಇದೆ, ವಕೀಲರ ಮತ್ತು ವ್ಯಾಲ್ಯುಯೇಶನ್ ಖರ್ಚು ಬೇರೆ. ಇವೆಲ್ಲ ಸಾಲದ ಮೊತ್ತದಲ್ಲಿ ಸೇರಿರುವುದಿಲ್ಲ.

ಊರಿನ ತೋಟ ಅಡ ಇಡಬಹುದಲ್ವಾ ಅಂತ ನೀವು ಮುಂದೆ ಕೇಳುತ್ತೀರಿ. ಕರಾವಳಿ ಕಡೆಯವರೆಲ್ಲ ಕೇಳುತ್ತಾರೆ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಾರಣ ಸರಳ, ಈಗ ಹೇಳಿದ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಅಂದರೆ ಸಾಲ ನಿಂತರೆ ಬ್ಯಾಂಕಿಗೆ ಅದನ್ನು ಸುಲಭವಾಗಿ ಹರಾಜು ಹಾಕಲಾಗದು. ಅದರ ಮೇಲೆ ನಿಮ್ಮ ಪಹಣಿಯಲ್ಲಿ ಅಣ್ಣನ ಹೆಸರೂ ಇದೆ. ಮಗಳ ವೀಸಾ ತಾರೀಕು ಹತ್ತಿರ ಬಂತು ಅಂತ ಅವಸರದಲ್ಲಿ ಪಾಲು ಮಾಡಿಸಿ ಮಾರಲು ಹೋಗಬೇಡಿ. ನಿಮ್ಮ ಅವಸರ ಊರಿಗೆಲ್ಲ ಗೊತ್ತಾಗುತ್ತದೆ, ಬೆಲೆ ಇಳಿಯುತ್ತದೆ. ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲುವುದು ಅದಕ್ಕಿಂತ ದೊಡ್ಡ ನಷ್ಟ.

ಪಿಎಫ್‌ನಿಂದ ಮಕ್ಕಳ ಓದಿಗೆ ದುಡ್ಡು ತೆಗೆಯಲು ಅವಕಾಶ ಇದೆ. ಮುಟ್ಟಬೇಡಿ. ಮಗಳಿಗೆ ಓದಲು ಸಾಲ ಸಿಗುತ್ತದೆ, ನಿಮಗೆ ಮುಪ್ಪಿಗೆ ಯಾರೂ ಸಾಲ ಕೊಡುವುದಿಲ್ಲ.

ಕನ್ಸಲ್ಟೆಂಟ್ ಬಗ್ಗೆ ಕೆಟ್ಟದ್ದು ಹೇಳುವ ಉದ್ದೇಶ ನನಗಿಲ್ಲ. ಅವರಲ್ಲೂ ಒಳ್ಳೆಯವರಿದ್ದಾರೆ. ಆದರೆ ನಿಮ್ಮಿಂದ ಫೀ ತೆಗೆದುಕೊಳ್ಳದವರಿಗೆ ಯಾರು ದುಡ್ಡು ಕೊಡುತ್ತಾರೆ ಅಂತ ಕೇಳಿ. ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗೆ ಇಷ್ಟು ಅಂತ ಕಮಿಷನ್ ಕೊಡುತ್ತವೆ. ಸಾಲ ಕೊಡುವ ಫೈನಾನ್ಸ್ ಕಂಪನಿಗಳೂ ಕೊಡುತ್ತವೆ. ಕಮಿಷನ್ ಕೊಡದ ಕಾಲೇಜು ಅವರ ಪಟ್ಟಿಯಲ್ಲಿ ಕೆಳಗೆ ಜಾರುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಹೆಸರು ಅವರ ಬಾಯಲ್ಲಿ ಯಾಕೆ ಅಪರೂಪ ಅನ್ನುವುದಕ್ಕೆ ಇದೇ ಮುಖ್ಯ ಕಾರಣ.

ಹಾಗಾದರೆ ಜರ್ಮನಿ ಪುಕ್ಕಟೆಯೇ? ಅರ್ಧ ಸತ್ಯ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೆ ಒಂದು ಸಣ್ಣ ಶುಲ್ಕ ಮಾತ್ರ. ಆದರೆ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಹೊಸದಾಗಿ ಸೇರುವವರಿಗೆ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ತೆಗೆದುಕೊಳ್ಳುತ್ತಿದೆ. ಇನ್ನು ಖಾಸಗಿ ವಿಶ್ವವಿದ್ಯಾಲಯಗಳು ಪೂರ್ತಿ ಫೀ ತೆಗೆದುಕೊಳ್ಳುತ್ತವೆ. ‘ಜರ್ಮನಿ’ ಅಂತ ಕನ್ಸಲ್ಟೆಂಟ್ ಹೇಳಿದರೆ, ಸರ್ಕಾರಿಯೋ ಖಾಸಗಿಯೋ ಅಂತ ಕೇಳುವುದು ನಿಮ್ಮ ಮೊದಲ ಪ್ರಶ್ನೆಯಾಗಿರಲಿ.

ಪುಕ್ಕಟೆ ಅಲ್ಲದ್ದು ಅಲ್ಲಿನ ಜೀವನ. ವೀಸಾ ಬೇಕಾದರೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ತಿಂಗಳಿಗೆ 992ರಂತೆ ಬಿಡುಗಡೆ ಆಗುತ್ತದೆ. ಯೂರೋಗೆ 100 ರೂಪಾಯಿ ಹಿಡಿದರೂ 12 ಲಕ್ಷ. ಎರಡು ವರ್ಷಕ್ಕೆ 24, ಟಿಕೆಟ್ಟು, ವಿಮೆ, ಇತರೆ ಸೇರಿ 26–27 ಲಕ್ಷ. ಮ್ಯೂನಿಕ್‌ನಲ್ಲಿ 992 ಯೂರೋ ಸಾಲದು, ಬಾಡಿಗೆಗೇ ಜಾಸ್ತಿ ಹೋಗುತ್ತದೆ. ಸಣ್ಣ ಊರಿನ ವಿಶ್ವವಿದ್ಯಾಲಯ ಹುಡುಕಲಿ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಕ್ಯಾಂಪಸ್ ಹೊರಗೂ ಮಾಡಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ.

ಲೆಕ್ಕ ನಿಮಗೆ ಹೊಂದುತ್ತದೆ: ಎಫ್‌ಡಿಯಿಂದ 7 ಲಕ್ಷ, ಸಾಲ 16, ಉಳಿದದ್ದು ಅವಳ ದುಡಿಮೆ. ಉಳಿದ 2 ಲಕ್ಷ ಎಫ್‌ಡಿ ಮನೆಯ ಆಪತ್ತಿಗೆ ಇರಲಿ. ಆದರೆ ಇದರ ತೊಂದರೆಗಳನ್ನೂ ಕೇಳಿ. ಭಾರತೀಯರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ (ಇಲ್ಲಿನ ಅಂಕಪಟ್ಟಿ, ಡಿಗ್ರಿ ಅಸಲಿ ಅನ್ನುವುದಕ್ಕೆ) ಕಡ್ಡಾಯ, ಶುಲ್ಕ 18 ಸಾವಿರ ರೂಪಾಯಿ, ಕಾಯುವ ಸಮಯ ಬೇರೆ. ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ವಿಷಯಕ್ಕೆ ಪೈಪೋಟಿ ಜೋರು. 8.1 ಸಿಜಿಪಿಎಗೆ ಸೀಟು ಸಿಗಬಹುದು, ಸಿಕ್ಕೇ ಸಿಗುತ್ತದೆ ಅಂತ ಯಾರೂ ಹೇಳಲಾರರು. ಅವಳು ಇಲ್ಲಿ ಓದಿದ ವಿಷಯಗಳಿಗೂ ಅಲ್ಲಿನ ಕೋರ್ಸಿಗೂ ಹೊಂದಾಣಿಕೆ ಆಗುತ್ತದೆಯೇ ಅಂತ ಒಂದೊಂದಾಗಿ ನೋಡುತ್ತಾರೆ. ಎರಡು ವರ್ಷದ ಕೋರ್ಸು ಮೂರಕ್ಕೆ ಎಳೆಯುವುದು ಅಲ್ಲಿ ಮಾಮೂಲು, ಹಾಗಾದರೆ ಇನ್ನೊಂದು 12 ಲಕ್ಷ. ಮತ್ತೆ ಭಾಷೆ. ಇಂಗ್ಲಿಷ್‌ನಲ್ಲಿ ಪಾಠ ಕೇಳಬಹುದು, ಕೆಲಸಕ್ಕೆ ಜರ್ಮನ್ ಬೇಕು. ಹೊರಡುವ ಮುಂಚೆಯೇ ಕಾಲಾಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಲ್ಲೋ ಕಲಿಕೆ ಶುರುಮಾಡಲಿ. ಅಲ್ಲಿ ಹೋದ ಮೇಲೆ ಕಲಿಯುತ್ತೇನೆ ಅನ್ನುವವರು ಕಲಿಯುವುದಿಲ್ಲ.

ಬ್ರಿಟನ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಒಂದೇ ವರ್ಷದ ಮಾಸ್ಟರ್ಸ್ ಅಂತ ಆಸೆ ಹುಟ್ಟಿಸುತ್ತಾರೆ. ಓದಿದ ಮೇಲೆ ಉಳಿಯುವ ಅವಕಾಶವನ್ನು 2 ವರ್ಷದಿಂದ 18 ತಿಂಗಳಿಗೆ ಇಳಿಸಿದ್ದಾರೆ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು ಲಾಗು. ನಿಮ್ಮ ಬಜೆಟ್ಟಿಗೆ ಅದೂ ಅಮೆರಿಕದಷ್ಟೇ ಇಕ್ಕಟ್ಟು.

ಸ್ಕಾಲರ್‌ಶಿಪ್ ವಿಷಯದಲ್ಲಿ ಹೊರನಾಡ ಕನ್ನಡಿಗರಿಗೆ ಒಂದು ವಿಚಿತ್ರ ಕಷ್ಟ ಇದೆ. ಮಹಾರಾಷ್ಟ್ರ ಸರ್ಕಾರ ವಿದೇಶದಲ್ಲಿ ಓದುವ ಒಬಿಸಿ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತದೆ. ಕುಟುಂಬದ ಆದಾಯಕ್ಕೆ ಮಿತಿ ಇದೆ, ವಿಶ್ವವಿದ್ಯಾಲಯ ಜಾಗತಿಕ ಪಟ್ಟಿಯಲ್ಲಿ ಮೇಲಿರಬೇಕು. ಆದರೆ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಬೇಕು. ಒಬಿಸಿಗೆ ಅದು ಸಿಗಬೇಕಾದರೆ ನಿಮ್ಮ ಹಿರಿಯರು 1967ರ ಅಕ್ಟೋಬರ್ 13ಕ್ಕೆ ಮುಂಚೆ ಇಲ್ಲಿ ನೆಲೆಸಿದ್ದರು ಅನ್ನುವುದಕ್ಕೆ ದಾಖಲೆ ತೋರಿಸಬೇಕು, ನಿಮ್ಮ ಜಾತಿ ಇಲ್ಲಿನ ಪಟ್ಟಿಯಲ್ಲೂ ಇರಬೇಕು. ಕಾರ್ಕಳದ ತಹಶೀಲ್ದಾರರ ಪ್ರಮಾಣಪತ್ರ ಇಲ್ಲಿ ನಡೆಯದು. ಕರ್ನಾಟಕದ ಯೋಜನೆಗಳು ಕರ್ನಾಟಕದಲ್ಲಿ ನೆಲೆಸಿದವರಿಗೆ, ಅಲ್ಲಿ ನಿಮ್ಮ ಮಗಳು ಮಹಾರಾಷ್ಟ್ರದವಳು. ಹಾಗಾಗಿ ತಂದೆಯವರು ಯಾವ ವರ್ಷ ಬಂದರು, ಹಳೆಯ ರೇಷನ್ ಕಾರ್ಡ್, ರಾತ್ರಿ ಶಾಲೆಯ ದಾಖಲೆ ಏನಾದರೂ ಇದೆಯೇ ಅಂತ ಪೆಟ್ಟಿಗೆ ತೆಗೆದು ಹುಡುಕಿ. ಹೋಟೆಲ್ ಕೆಲಸ ಮಾಡುತ್ತ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಆ ತಲೆಮಾರಿನಲ್ಲಿ ಎಷ್ಟೋ ಜನ, ನಿಮ್ಮ ತಂದೆಯವರೂ ಇರಬಹುದು.

ಇದಲ್ಲದೆ ಮುಂಬಯಿಯಲ್ಲೇ ಇರುವ ಟ್ರಸ್ಟುಗಳಿವೆ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ವಿದೇಶದ ಉನ್ನತ ಓದಿಗೆ ಲೋನ್ ಸ್ಕಾಲರ್‌ಶಿಪ್, ಅಂದರೆ ವಾಪಸ್ ಕಟ್ಟಬೇಕಾದ ನೆರವು, ಕೊಡುತ್ತದೆ. ಕೆ.ಸಿ. ಮಹೀಂದ್ರ ಟ್ರಸ್ಟ್ ಮತ್ತು ನರೋತ್ತಮ್ ಸೇಖ್ಸಾರಿಯಾ ಫೌಂಡೇಶನ್ ಬಡ್ಡಿಯಿಲ್ಲದ ಸಾಲ ಕೊಡುತ್ತವೆ. ಅರ್ಜಿ ಕರೆಯುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಇಂಟರ್‌ವ್ಯೂ ಇರುತ್ತದೆ, ಪೈಪೋಟಿಯೂ ಇದೆ. ಆದರೂ ಹಾಕಲಿ. ನಿಮ್ಮ ಸಮುದಾಯದ ಸಂಘದಲ್ಲೂ ವಿಚಾರಿಸಿ. ಮೊತ್ತ ಚಿಕ್ಕದಿರಬಹುದು, ವಿಮಾನದ ಟಿಕೆಟ್ಟಿಗಾದರೂ ಆಗುತ್ತದೆ.

ಸಾಲ ತೆಗೆಯುವುದೇ ಆದರೆ ಮೊದಲು ಸರ್ಕಾರಿ ಬ್ಯಾಂಕಿಗೆ ಹೋಗಿ. ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ. ಅದಕ್ಕಿಂತ ಮೇಲೆ ಕೇಳುತ್ತಾರೆ, ಆದರೆ ತಮ್ಮ ಪಟ್ಟಿಯಲ್ಲಿರುವ ಹೆಸರಾಂತ ವಿಶ್ವವಿದ್ಯಾಲಯ ಆದರೆ ಅಡಮಾನ ಇಲ್ಲದೆಯೂ ದೊಡ್ಡ ಸಾಲ ಕೊಡುವ ಬ್ಯಾಂಕುಗಳಿವೆ. ಆ ಪಟ್ಟಿ ಕೇಳಿ ತೆಗೆದುಕೊಳ್ಳಿ. ಸಾಲದ ಜೊತೆ ಒಂದೇ ಕಂತಿನ ವಿಮೆಯನ್ನು ಸೇರಿಸಿ ಅದಕ್ಕೂ ಬಡ್ಡಿ ಹಾಕುತ್ತಾರೆ. ಬೇಡ ಅನ್ನಿ. ಮಗಳ ಹೆಸರಿನಲ್ಲಿ ಬೇರೆ ಟರ್ಮ್ ಪಾಲಿಸಿ ಮಾಡಿಸಿ, ಅದು ಅಗ್ಗ. ಬಡ್ಡಿ ಫ್ಲೋಟಿಂಗ್ (ಆಗಾಗ ಬದಲಾಗುವ ದರ) ಆಗಿದ್ದರೆ ಮುಂಚೆ ತೀರಿಸಿದರೂ ದಂಡ ಹಾಕುವಂತಿಲ್ಲ. ಓದುವ ಅವಧಿಯಲ್ಲೇ ತಿಂಗಳ ಬಡ್ಡಿಯನ್ನು ನೀವು ಕಟ್ಟುತ್ತ ಬನ್ನಿ. 16 ಲಕ್ಷ ಪೂರ್ತಿ ತೆಗೆದ ಮೇಲೂ 10 ಪರ್ಸೆಂಟ್‌ಗೆ ಅದು ತಿಂಗಳಿಗೆ 13 ಸಾವಿರದ ಹತ್ತಿರ, ನಿಮ್ಮ ಸಂಬಳ ಇರುವವರೆಗೆ ಆಗುವ ಮಾತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗಲೇ ಹಿಡಿಯುವ ತೆರಿಗೆ) ಇಲ್ಲ. ಕೈಯಿಂದ ಕಳಿಸುವುದಕ್ಕೂ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ. ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಇನ್ನೊಂದು ದಾರಿ, ಇದನ್ನು ಮಕ್ಕಳು ಇಷ್ಟಪಡುವುದಿಲ್ಲ: ಈಗ ಸಿಕ್ಕ ಸೀಟನ್ನು ಒಂದು ವರ್ಷ ಮುಂದೂಡಲು ಕೇಳಿ, ಅಥವಾ ಬಿಟ್ಟು, ಎರಡು ವರ್ಷ ಇಲ್ಲೇ ಕೆಲಸ ಮಾಡಲಿ. ಮನೆಯಲ್ಲೇ ಊಟ, ವಸತಿ. ತಿಂಗಳಿಗೆ 25 ಸಾವಿರ ಉಳಿಸಿದರೂ 6 ಲಕ್ಷ. ಜರ್ಮನ್ ಕಲಿಯಲು ಸಮಯ ಸಿಗುತ್ತದೆ, ವಾಪಸ್ ಬಂದರೂ ಅನುಭವ ಇರುತ್ತದೆ. ನಷ್ಟವೂ ಇದೆ. ಎರಡು ವರ್ಷದಲ್ಲಿ ನಿಯಮ ಬಿಗಿಯಾಗಬಹುದು, ಫೀ ಏರಬಹುದು, ಹುಡುಗಿಗೆ ಓದುವ ಉತ್ಸಾಹ ಇಳಿಯಬಹುದು, ನೆಂಟರು ಮದುವೆ ಮಾತು ಎತ್ತಬಹುದು. ಗೇಟ್ ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲಿ ಎಂಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಅವಳಿಗೇ ಸಿಗುತ್ತದೆ, ಅದನ್ನೂ ಒಮ್ಮೆ ಅವಳ ಮುಂದಿಡಿ. ನನ್ನ ಆಯ್ಕೆ ಕೇಳಿದರೆ: ಈ ಅಮೆರಿಕದ ಸೀಟನ್ನು 45 ಲಕ್ಷ ಸಾಲ ಮಾಡಿ ಹಿಡಿಯಬೇಡಿ. ಕೆಲಸಕ್ಕೆ ಸೇರಿ, ಜೊತೆಗೆ ಜರ್ಮನಿಗೆ ಅರ್ಜಿ ಹಾಕಲಿ.

ನಿಮ್ಮ ಭಾವನವರ ವಿಷಯ. ಅವರು ಬರೆದುಕೊಡುವ ಸ್ಪಾನ್ಸರ್ ಪತ್ರ ವೀಸಾ ಸಂದರ್ಶನಕ್ಕೆ ಒಂದು ಆಧಾರ. ಇಲ್ಲಿನ ಬ್ಯಾಂಕಿಗೆ ಅದರಿಂದ ಪ್ರಯೋಜನ ಇಲ್ಲ. ಅವರು ನಿಜಕ್ಕೂ ದುಡ್ಡು ಕೊಡಲು ಸಿದ್ಧರಿದ್ದರೆ ಮಾತು ಬೇರೆ. ಸೋದರಮಾವ ಕೊಟ್ಟ ಉಡುಗೊರೆಗೆ ಇಲ್ಲಿ ಮಗಳಿಗೆ ತೆರಿಗೆ ಇಲ್ಲ. ಸಾಲ ಅಂತ ಕೊಡುವುದಾದರೆ ಎಷ್ಟು, ಯಾವಾಗ ವಾಪಸ್ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೇಳುವ ಮುಂಚೆ ನಿಮ್ಮ ಹೆಂಡತಿಯ ಜೊತೆ ಕೂತು ಮಾತಾಡಿ, ಅಣ್ಣನ ಹತ್ತಿರ ಈ ವಿಷಯ ಎತ್ತಬೇಕಾದವರು ಅವರೇ ಅಲ್ವಾ?